ಗುಂಡಿ ಒತ್ತಿದರೆ ಏನೂ ಕಾಣಲ್ಲ

ಎದುರಿನ ಹಳೇ ಗೋದಾಮನ್ನು ಕೆಡವಿದ ಮಾರನೇ ಬೆಳಿಗ್ಗೆ ಆ ಮನೆಗೆ ಮೊಟ್ಟಮೊದಲ ಸಲ ಬಿಸಿಲು ಬಂತು. ಬಂತು ಅಂದರೆ ಸಾಲದು, ನುಗ್ಗಿತು. ಒಂದೇ ದೊಡ್ಡ ಕೋಣೆ, ಅದರ ಹಿಂದೆ ಒಂದು ಚಾಪೆ ಹಾಸಲೂ ಜಾಗವಿಲ್ಲದ ಅಡುಗೆಮನೆ, ಇಷ್ಟೇ ಮನೆ. ಬೀದಿಗೆ ತೆರೆದುಕೊಳ್ಳುವ ಕಿಟಕಿಯೂ ಒಂದೇ. ಆದರೆ ಆ ಕಿಟಕಿ ಮಾತ್ರ ಭರ್ಜರಿ, ಗೋಡೆಯ ಮುಕ್ಕಾಲು ಪಾಲು ಅದೇ. ಇಷ್ಟು ವರ್ಷ ಅದರಾಚೆ ಕಾಣುತ್ತಿದ್ದದ್ದು ಗೋದಾಮಿನ ಬೂಷ್ಟು ಹಿಡಿದ ಗೋಡೆ. ಈಗ ಆಕಾಶ!

ಅಮ್ಮ ಹೊಲಿಗೆ ಮಷಿನ್ನನ್ನು ದರದರ ಎಳೆದು ಕಿಟಕಿಗೆ ಆನಿಸಿದಳು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವುದು ಅವಳ ಕಸುಬು. ಕಡುನೀಲಿ ಬಟ್ಟೆ, ಕಡುನೀಲಿ ದಾರ. ಹಗಲಲ್ಲೂ ದೀಪ ಹಾಕಿಕೊಂಡೇ ಸೂಜಿಗೆ ದಾರ ಪೋಣಿಸಬೇಕಿತ್ತು.

"ಅತ್ತೆ, ನೋಡಿ ಇಲ್ಲಿ, ಕನ್ನಡಕ ಇಲ್ದೇನೇ ಪೋಣಿಸ್ಬಿಟ್ಟೆ!"

"ಸುಮ್ನಿರೇ, ನಾನು ಬೀದಿ ನೋಡ್ತಿದ್ದೀನಿ." ಅಜ್ಜಿ ಆಗಲೇ ಕುರ್ಚಿ ಹಾಕಿಸಿಕೊಂಡು ಎರಡೂ ಮಂಡಿಗಳನ್ನು ಬಿಸಿಲಿಗೆ ಒಡ್ಡಿ ಕೂತಿದ್ದಳು. "ಮೂಲೆ ಮನೆಯೋರು ಹೊಸ ಸೋಫಾ ತಂದವ್ರೆ. ಬಾಗಿಲಲ್ಲಿ ಹಿಡೀತಿಲ್ಲ! ಅಯ್ಯೋ, ಈಗ ತಲೆಕೆಳಗು ಮಾಡಿದ್ರು!"

ಈ ಸಂಭ್ರಮದ ನಡುವೆ ಅಪ್ಪ ಬಂದ. ಅವನು ರಾತ್ರಿ ಓಡುವ ಸ್ಲೀಪರ್ ಬಸ್ಸಿನ ಡ್ರೈವರು, ಊರು ಮಲಗುವಾಗ ಸ್ಟೇರಿಂಗ್ ಹಿಡಿದು ಊರು ಏಳುವಾಗ ಮನೆಗೆ ಬರುವವನು. ಬ್ರೆಡ್ಡು, ಮೊಟ್ಟೆ ತಿಂದ, ಟೀ ಕುಡಿದ, ಮಂಚದ ಮೇಲೆ ಉರುಳಿದ. ಅಮ್ಮನ ಮಷಿನ್ನಿನ ಟಕಟಕ ಅವನಿಗೆ ಜೋಗುಳವಿದ್ದ ಹಾಗೆ. ಇಂಜಿನ್ ಸದ್ದಿನಲ್ಲೇ ಬದುಕು ಸಾಗಿಸಿದವನು, ಸದ್ದು ನಿಂತರೇ ಗಾಬರಿಯಾಗಿ ಏಳುತ್ತಿದ್ದ. ಅವತ್ತು ಮಷಿನ್ ಓಡುತ್ತಲೇ ಇತ್ತು. ನಿದ್ದೆ ಮಾತ್ರ ಬರಲಿಲ್ಲ. ಬಿಸಿಲು ನೇರ ಮುಖಕ್ಕೇ ಬಡಿಯುತ್ತಿತ್ತು. ತಲೆ ಇದ್ದ ಕಡೆ ಕಾಲು ಹಾಕಿ ನೋಡಿದ. ಒದ್ದೆ ಟವೆಲು ಮುಚ್ಚಿಕೊಂಡ. ದಿಂಬಿನ ಕೆಳಗೆ ತಲೆ ತೂರಿಸಿದ. ಕೊನೆಗೆ ಎದ್ದು ಕೂತ.

"ಲೇ, ಆ ಗೋದಾಮನ್ನ ವಾಪಸ್ ಕಟ್ಟಿಸೋಕೆ ಆಗುತ್ತೇನೇ?"

ಎಲ್ಲರೂ ನಕ್ಕರು. ಮೂರನೇ ವಾರದ ಹೊತ್ತಿಗೆ ಯಾರಿಗೂ ನಗು ಬರುತ್ತಿರಲಿಲ್ಲ.

ಒಂದು ರಾತ್ರಿ ಅಪ್ಪನ ರೆಪ್ಪೆಗಳು ಭಾರವಾಗಿ, ಇನ್ನು ತನ್ನ ಕೈಲಾಗದು ಅನಿಸಿ, ಬಸ್ಸನ್ನು ರಸ್ತೆ ಪಕ್ಕಕ್ಕೆ ಹಾಕಿ ಸ್ಟೇರಿಂಗಿನ ಮೇಲೇ ತಲೆಯಿಟ್ಟ. ಕಂಡಕ್ಟರು ತಟ್ಟಿ ಎಬ್ಬಿಸುವಷ್ಟರಲ್ಲಿ ಹಿಂದೆ ಹೊರಟಿದ್ದ ಬಸ್ಸುಗಳೆಲ್ಲ ಮುಂದೆ ಹೋಗಿದ್ದವು. ಡಿಪೋ ಸಾಹೇಬರು ಕರೆಸಿ ಹೇಳಿದ್ದನ್ನು ಅಪ್ಪ ಊಟದ ತಟ್ಟೆಯ ಮುಂದೆ ಇದ್ದದ್ದು ಇದ್ದ ಹಾಗೇ ಒಪ್ಪಿಸಿದ.

"ನಿಲ್ಲಿಸಿದ್ರಿ, ಜನ ಉಳಿದ್ರು, ಒಳ್ಳೇದಾಯ್ತು. ಇನ್ನೊಂದ್ಸಲ ಹಿಂಗಾದ್ರೆ ಸ್ಟೇರಿಂಗ್ ಬಿಟ್ಟು ಬಸ್ ತೊಳೆಯೋಕೆ ಬನ್ನಿ. ಹಂಗಂದ್ರು."

ಅಮ್ಮ ಅನ್ನದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಅಪ್ಪನಿಗೆ ಬಸ್ ಓಡಿಸುವುದು ಬಿಟ್ಟು ಬೇರೆ ಹುಚ್ಚೇ ಇರಲಿಲ್ಲ. ಕನಸಲ್ಲೂ ಗೇರು ಬದಲಿಸುವ ಮನುಷ್ಯ.

"ನಂಗೆ ಗೊತ್ತು ಏನ್ಮಾಡ್ಬೇಕು ಅಂತ!" ಎಂದು ಪಟಾಕಿ ಎದ್ದು ನಿಂತಳು.

ಪಟಾಕಿ ಅಂದರೆ ಈ ಮನೆಯ ಮಗಳು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಯಾರೂ ಕರೆಯುವುದಿಲ್ಲ. ಮಾತು ಹತ್ತಿಕೊಂಡರೆ ಸರ ಮುಗಿಯುವ ತನಕ ಆರುವವಳಲ್ಲ. ಕಿಟಕಿ ಬಾಗಿಲು ಮಾರುವ ದೊಡ್ಡ ಶೋರೂಮಿನಲ್ಲಿ ಹೊಸದಾಗಿ ಸೇಲ್ಸಿಗೆ ಸೇರಿದ್ದಳು.

"ಸ್ಮಾರ್ಟ್ ಗಾಜು! ಅಪ್ಪ, ನೀನು ನೋಡ್ಬೇಕು ಅದನ್ನ. ಒಂದು ಗುಂಡಿ ಒತ್ತಿದ್ರೆ ಸಾಕು, ಏನೂ ಕಾಣಲ್ಲ! ಇನ್ನೊಂದ್ಸಲ ಒತ್ತಿದ್ರೆ ಎಲ್ಲಾ ಕಾಣುತ್ತೆ! ಫೋನಲ್ಲೂ ಮಾಡ್ಬಹುದು. ನೀನು ಮಲಗ್ದಾಗ ಒತ್ತು, ಎದ್ದಾಗ ಒತ್ತು. ಪರದೆ ಬೇಡ, ಧೂಳು ಇಲ್ಲ, ಒಗೆಯೋದು ಇಲ್ಲ!"

"ಗಾಜಿಗೂ ಬುದ್ಧಿ ಬಂತಾ?" ಅಂದಳು ಅಜ್ಜಿ. "ಬರ್ಲಿ ಬಿಡು, ಈ ಮನೇಲಿ ಯಾರಿಗಾದ್ರೂ ಬರ್ಲಿ."

"ಬೆಲೆ ಹೇಳೇ ಮೊದ್ಲು," ಅಂದಳು ಅಮ್ಮ.

ಪಟಾಕಿ ಹೇಳಿದಳು. ಸ್ಟಾಫ್ ರಿಯಾಯಿತಿ ಕಳೆದೂ ಅದು ಅಮ್ಮ ಕರೆಂಟಿನ ಹೊಲಿಗೆ ಮಷಿನ್ನಿಗೆ ಅಂತ ಕೂಡಿಟ್ಟಿದ್ದ ದುಡ್ಡನ್ನು ಪೂರಾ ನುಂಗಿಬಿಡುವಂತಿತ್ತು.

"ಹುಚ್ಚೀ, ಎರಡು ಮಾರು ಬಟ್ಟೆ ನೇತು ಹಾಕಿದ್ರೆ ಮುಗೀತು. ನಾನು ಟೈಲರು, ನಮ್ಮನೇಲಿ ಪರದೆಗೆ ಬರವಾ?"

"ಅಮ್ಮ, ಪರದೆ ಹಾಕಿದ್ರೆ ನಿಂಗೆ ಬೆಳಕು ಎಲ್ಲಿಂದ ಬರುತ್ತೆ? ಇದಾದ್ರೆ ಗುಂಡಿ!"

"ಗುಂಡಿ ನಾನೂ ದಿನಾ ಹೊಲೀತೀನಿ. ಶರ್ಟಿಗೆ."

"ಯಾರೂ ನನ್ನ ಕಿಟಕಿ ಮುಟ್ಟಕೂಡ್ದು," ಅಂದಳು ಅಜ್ಜಿ. "ಇಷ್ಟು ವರ್ಷದ ಮೇಲೆ ಬೀದಿ ಸಿಕ್ಕಿದೆ ನಂಗೆ."

"ಅಮ್ಮಾ, ನನ್ನ ಕೆಲಸ ಹೋಗೋ ಹಂಗಿದೆ," ಅಂದ ಅಪ್ಪ.

"ನಿನ್ನ ಕೆಲಸಾನೂ ಉಳೀಲಿ ಮಗಾ, ನನ್ನ ಬೀದೀನೂ ಉಳೀಲಿ. ಅಷ್ಟು ಓದಿದ್ದಾಳಲ್ಲ ನಿನ್ನ ಮಗಳು, ಒಂದು ದಾರಿ ಹುಡುಕಲಿ."

ಕೊನೆಗೆ ಅಪ್ಪನೇ ತೀರ್ಮಾನ ಹೇಳಿದ. ಮೊದಲು ಅಮ್ಮನ ಪರದೆ. ಆಗದಿದ್ದರೆ ಮಗಳ ಗಾಜು.

*

ಅಮ್ಮ ಗೆದ್ದೇ ಬಿಡುವ ಉಮೇದಿನಲ್ಲಿದ್ದಳು. ಯೂನಿಫಾರಂ ಕತ್ತರಿಸಿ ಉಳಿದ ನೀಲಿ ತುಂಡುಗಳೆಲ್ಲ ಒಂದು ಮೂಟೆಯಲ್ಲಿದ್ದವು. ಅವನ್ನೇ ಜೋಡಿಸಿ, ತುಂಡಿಗೆ ತುಂಡು ಸೇರಿಸಿ, ಸಂಜೆಯೊಳಗೆ ಕಿಟಕಿಯಗಲದ ಪರದೆ ಹೊಲಿದಳು. ಪಟಾಕಿ ಕೂಡ ಸೋಲೊಪ್ಪುವ ಮುಖದಲ್ಲಿ ನೋಡಿದಳು. ಅಷ್ಟು ಚೆಂದವಿತ್ತು.

ಬೆಳಿಗ್ಗೆ ಅಪ್ಪ ಮಲಗಿದ. ಅಮ್ಮ ಸರ್ರನೆ ಪರದೆ ಎಳೆದಳು.

ಸ್ವಲ್ಪ ಹೊತ್ತಿಗೆ ಮಂಚದಿಂದ ಮಾತು ಬಂತು. "ಲೇ, ಬಾ ಇಲ್ಲಿ. ಮಲಕ್ಕೊಂಡು ನೋಡು."

ಅಮ್ಮ ಹೋಗಿ ಪಕ್ಕದಲ್ಲಿ ಒರಗಿದಳು. ಅಷ್ಟೊಂದು ತುಂಡು, ಅಷ್ಟೊಂದು ಹೊಲಿಗೆ. ಪ್ರತಿ ಹೊಲಿಗೆಯ ಪ್ರತಿ ಸೂಜಿತೂತಿನಿಂದ ಬಿಸಿಲು ಚುಚ್ಚಿ ಒಳಗೆ ಬರುತ್ತಿತ್ತು. ನೀಲಿ ಆಕಾಶದ ತುಂಬ ಸಾಲುಸಾಲು ನಕ್ಷತ್ರ.

"ಚೆನ್ನಾಗಿದೆ ಅಲ್ವೇನ್ರೀ?" ಅಂದಳು ಅಮ್ಮ ಮೆಲ್ಲಗೆ.

"ಬಹಳ ಚೆನ್ನಾಗಿದೆ. ನಿದ್ದೆ ಮಾಡೋಕೆ ಮನಸ್ಸೇ ಬರಲ್ಲ."

ಮರುದಿನ ಅದರ ಹಿಂದೆ ಹಳೇ ಕಂಬಳಿ ಸೇರಿಸಿದಳು. ನಕ್ಷತ್ರ ಹೋಯಿತು, ಕತ್ತಲಾಯಿತು. ಆ ಕತ್ತಲಲ್ಲಿ ದೀಪ ಹಾಕುವಂತಿರಲಿಲ್ಲ. ಅಭ್ಯಾಸದ ಮೇಲೆ ಕೈ ಓಡಿಸಿದ ಅಮ್ಮ ಒಂದು ಚಡ್ಡಿಗೆ ಎರಡೂ ಜೇಬನ್ನು ಒಂದೇ ಕಡೆ ಹೊಲಿದಳು.

"ಪರವಾಗಿಲ್ಲ, ಎಡಗೈ ಇಲ್ಲದ ಹುಡುಗ ಸಿಗಬಹುದು," ಅಂದಳು ಪಟಾಕಿ.

"ಬಾಯ್ಮುಚ್ಚೇ!"

ಮಷಿನ್ ಬಾಗಿಲಾಚೆಯ ಮೆಟ್ಟಿಲ ಹತ್ತಿರ ಹೋಯಿತು. ಒಳಗೆ ಕತ್ತಲೆ, ನಿಶ್ಶಬ್ದ. ಇನ್ನೇನು ಬೇಕು? ಅಪ್ಪ ಕಣ್ಣು ಮುಚ್ಚಿದ, ಬೆಚ್ಚಿಬಿದ್ದು ಎದ್ದ. ಮತ್ತೆ ಮುಚ್ಚಿದ, ಮತ್ತೆ ಬೆಚ್ಚಿದ.

"ಏನಾಯ್ತು ಈಗ?" ಎಂದು ಅಮ್ಮ ಹೊರಗಿನಿಂದ ಕೂಗಿದಳು.

"ಇಂಜಿನ್ ಆಫ್ ಆದಂಗಾಗುತ್ತೆ ಕಣೇ! ನೀನು ಮಷಿನ್ ಒಳಗೆ ತಾ!"

"ಒಳಗೆ ತಂದ್ರೆ ನಂಗೆ ಕಾಣಲ್ಲ, ಹೊರಗೆ ಇಟ್ರೆ ನಿಮಗೆ ಕೇಳಲ್ಲ! ನಾನೇನು ಗೋಡೆ ಮಧ್ಯ ಕೂತ್ಕೊಳ್ಲಾ?"

ಅಷ್ಟರಲ್ಲಿ ಕತ್ತಿಯಂಥ ಒಂದು ಬಿಸಿಲ ಗೆರೆ ನೇರ ಅಪ್ಪನ ಎಡಗಣ್ಣಿಗೆ ಬಂದು ಬಿತ್ತು. ಅಜ್ಜಿ ಪರದೆಯ ಮೂಲೆ ಎತ್ತಿ ಬೀದಿಗೆ ಇಣುಕುತ್ತಿದ್ದಳು.

"ಅಮ್ಮಾ!"

"ಒಂದೇ ನಿಮಿಷ ಕಣೋ. ಸೋಫಾನ ವಾಪಸ್ ಲಾರಿಗೆ ಏರಿಸ್ತಿದ್ದಾರೆ!"

ಅವತ್ತು ಸಂಜೆ ಅಪ್ಪ ಕೆಂಡದಂಥ ಕಣ್ಣಿಟ್ಟುಕೊಂಡು ಡ್ಯೂಟಿಗೆ ಹೊರಟ. ಅಮ್ಮ ಬಾಗಿಲ ತನಕ ಬಂದಳು. ಫ್ಲಾಸ್ಕಿನಲ್ಲಿ ಗಟ್ಟಿ ಟೀ ತುಂಬಿಕೊಟ್ಟಳು. ಆಮೇಲೆ ಒಳಗೆ ಬಂದು, ಮಗಳ ಕಡೆ ನೋಡದೆ ಅಂದಳು:

"ನಿಮ್ಮ ಗಾಜಿನೋರಿಗೆ ಬರೋಕೆ ಹೇಳು."

"ಅಮ್ಮ, ಮಷಿನ್ ದುಡ್ಡು?"

"ಮಷಿನ್ ಮುಂದಿನ ವರ್ಷ ಬರುತ್ತೆ. ಕರೆಸು."

*

ಶೋರೂಮಿನಲ್ಲಿ ಗಿರಾಕಿಗಳ ಮನೆಗೇ ಹೊತ್ತೊಯ್ದು ತೋರಿಸುವ ಒಂದು ಆಳೆತ್ತರದ ಗಾಜಿತ್ತು. ಚಕ್ರದ ಸ್ಟ್ಯಾಂಡು, ವೈರು, ಗುಂಡಿ, ಎಲ್ಲ ಸೇರಿ. ರಜೆಯ ದಿನ ಬೆಳಿಗ್ಗೆ ಫಿಟ್ಟರಿನ ಜೊತೆ ಪಟಾಕಿ ಅದನ್ನು ವ್ಯಾನಿನಲ್ಲಿ ತಂದಳು. ಬೀದಿಗೆ ಬೀದಿಯೇ ಕಿಟಕಿಯ ಹೊರಗೆ ನೆರೆಯಿತು. ಅಜ್ಜಿ ಹೊಸ ಸೀರೆ ಉಟ್ಟಿದ್ದಳು. ಅಪ್ಪ ರಾತ್ರಿಯಿಡೀ ಓಡಿಸಿ ಬಂದಿದ್ದರೂ ಮುಖ ತೊಳೆದು, ತಲೆ ಬಾಚಿಕೊಂಡು ಮಲಗಿದ.

"ಮಲಗೋಕೆ ಯಾಕ್ರೀ ತಲೆ ಬಾಚೋದು?"

"ಮೊದಲನೇ ಸಲ ಅಲ್ವೇನೇ?"

ಗಾಜು ಇಡೀ ಕಿಟಕಿಯನ್ನು ಮುಚ್ಚುವಂತೆ ಅಂಟಿಕೊಂಡು ನಿಂತಿತು. ಆಚೆ ನಿಂತವರ ಹಲ್ಲು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಪಟಾಕಿ ಗಂಟಲು ಸರಿಮಾಡಿಕೊಂಡಳು.

"ಎಲ್ರೂ ನೋಡಿ! ಒಂದೇ ಒಂದು ಗುಂಡಿ, ಆಮೇಲೆ ಏನೂ ಕಾಣಲ್ಲ!"

ಟಕ್.

ಬೀದಿ ಮಾಯ! ಜನ, ಹಲ್ಲು, ಆಕಾಶ, ಎಲ್ಲ ಮಾಯ. ಗಾಜು ಕಾಸಿದ ಹಾಲಿನಷ್ಟು ಬೆಳ್ಳಗಾಯಿತು. ಹೊರಗಿನಿಂದ ಹೋ ಅಂತ ಚಪ್ಪಾಳೆ ಬಿತ್ತು. ಅಮ್ಮ ಕೂಡ ಕೈ ತಟ್ಟಿದಳು. ಫಿಟ್ಟರು ಮೀಸೆ ನೇವರಿಸಿಕೊಂಡ.

ಅಪ್ಪ ಮಂಚದ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತ ಮಲಗಿದ್ದ. ಕೋಣೆ ತುಂಬ ಬೆಳಕು. ಮೊದಲು ಒಂದು ಕಡೆಯಿಂದ ಬರುತ್ತಿದ್ದ ಬಿಸಿಲು ಈಗ ಹಾಲಾಗಿ ಹರಡಿ ಮೂಲೆಮೂಲೆಗೂ ತುಂಬಿತ್ತು. ಮಂಚದ ಕೆಳಗೆ ಕಳೆದುಹೋಗಿದ್ದ ಅಜ್ಜಿಯ ಚಪ್ಪಲಿಯೂ ಕಾಣುತ್ತಿತ್ತು.

"ಮಗಳೇ, ಏನೂ ಕಾಣಲ್ಲ ಅಂದ್ಯಲ್ಲ?"

"ಹೂಂ ಅಪ್ಪ! ಹೊರಗೆ ಏನಾದ್ರೂ ಕಾಣ್ತಿದೆಯಾ?"

"ಹೊರಗೆ ಇಲ್ಲ. ಒಳಗೆ ಎಲ್ಲಾ ಕಾಣ್ತಿದೆ. ನಿನ್ನ ಮೂಗಿನ ಮೇಲಿನ ಮಚ್ಚೆ ಕೂಡ."

ಪಟಾಕಿ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಬೀದಿ ಬಂತು, ಹೋಯಿತು, ಬಂತು, ಹೋಯಿತು. ಕತ್ತಲೆ ಮಾತ್ರ ಬರಲಿಲ್ಲ. ಅವಳು ಫಿಟ್ಟರಿನ ಮುಖ ನೋಡಿದಳು.

"ಮೇಡಂ, ಇದು ಮರೆಗೆ. ಕತ್ತಲಿಗಲ್ಲ," ಅಂದ ಅವನು ಸಂಕೋಚದಿಂದ. "ಹೊರಗಿನೋರಿಗೆ ಒಳಗೇನಿದೆ ಅಂತ ಕಾಣಲ್ಲ, ಅಷ್ಟೇ. ಬೆಳಕು ಬಂದೇ ಬರುತ್ತೆ. ನೀವು ಕತ್ತಲು ಅಂದ್ಕೊಂಡಿದ್ರಾ? ನಾನೂ ಮೊದ್ಲು ಹಂಗೇ ಅಂದ್ಕೊಂಡಿದ್ದೆ."

ಎಲ್ಲರಿಗಿಂತ ಮೊದಲು ನಕ್ಕಿದ್ದು ಅಪ್ಪ. ಆಮೇಲೆ ಅಮ್ಮ, ಸೆರಗು ಬಾಯಿಗೊತ್ತಿಕೊಂಡು. ಅಜ್ಜಿ ಮಾತ್ರ ಗಂಭೀರವಾಗಿ ಅಂದಳು, "ಗಾಜಿಗೆ ಬುದ್ಧಿ ಇದೆ. ಹೇಳಿದ್ದು ಹೇಳಿದ ಹಾಗೇ ಮಾಡಿದೆ. ಹೇಳೋರಿಗೆ ಕಡಿಮೆಯಾಯ್ತು."

ಪಟಾಕಿ ಆ ದಿನ ಪೂರ್ತಿ ಸಿಡಿಯಲಿಲ್ಲ. ಮರುದಿನ ಶೋರೂಮಿನಲ್ಲಿ ಬಂದವರಿಗೆಲ್ಲ "ಹೊರಗಿನೋರಿಗೆ ಕಾಣಲ್ಲ, ಬೆಳಕು ಬರುತ್ತೆ" ಎಂದು ಬಿಡಿಸಿ ಹೇಳಿದಳು. ಸ್ನಾನದ ಮನೆಗೆ ಬೇಕೆಂದು ಬಂದಿದ್ದ ಒಬ್ಬರು ಕುಣಿದಾಡಿಕೊಂಡು ಆರ್ಡರ್ ಕೊಟ್ಟು ಹೋದರು. ಅವಳ ಮೊದಲ ಮಾರಾಟ! ಸಂಜೆ ಮನೆಗೆ ಬಂದು ಅದನ್ನು ಹೇಳಬೇಕೆಂದುಕೊಂಡಳು. ಮಂಚದ ಅಂಚಿನಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದ ಅಪ್ಪ, ಒಂದು ಶೂ ಕೈಯಲ್ಲೇ ಹಿಡಿದು ತೂಕಡಿಸುತ್ತಿದ್ದ. ಹೇಳಲಿಲ್ಲ.

*

ಅದರ ಮಾರನೇ ಬೆಳಿಗ್ಗೆ ಅಪ್ಪ ಬರುವ ಹೊತ್ತಿಗೆ ಬರಲಿಲ್ಲ.

ಅಮ್ಮ ಮೊಟ್ಟೆ ಒಡೆದು ಬಾಣಲೆಗೆ ಹಾಕಿದಳು. ಅದು ಬೆಂದಿತು, ಸೀದುಹೋಯಿತು. ಫೋನು ಎತ್ತುತ್ತಿಲ್ಲ. ಅಜ್ಜಿ ಕಿಟಕಿಯಲ್ಲಿ ಬೀದಿಯ ಎರಡೂ ತುದಿ ನೋಡುತ್ತಿದ್ದಳು, ಯಾರ ಮನೆ ಸುದ್ದಿಯನ್ನೂ ಹೇಳುತ್ತಿರಲಿಲ್ಲ.

"ನಾನು ಹೋಗಿ ನೋಡ್ತೀನಿ," ಎಂದು ಪಟಾಕಿ ಚಪ್ಪಲಿ ಮೆಟ್ಟಿ ಓಡಿದಳು.

ಡಿಪೋದಲ್ಲಿ ಅಪ್ಪನ ಬಸ್ಸು ನಿಂತಿತ್ತು. ಗೀರಿಲ್ಲ, ಗಾಯವಿಲ್ಲ! ಒಳಗಿನಿಂದ ಅಪ್ಪನ ಧ್ವನಿಯೇ ಕೇಳುತ್ತಿತ್ತು.

"ಸ್ವಾಮೀ! ಊರು ಬಂತು! ಏಳಿ ಸ್ವಾಮೀ!"

ಹತ್ತಿ ನೋಡಿದರೆ, ಅಪ್ಪ ಮತ್ತು ಕಂಡಕ್ಟರು ಮಲಗುವ ಒಂದು ಬರ್ತಿನ ಮುಂದೆ ನಿಂತು ಅದರ ಅಂಚನ್ನು ಬಡಿಯುತ್ತಿದ್ದಾರೆ. ದಪ್ಪ ಪರದೆಯ ಹಿಂದಿನಿಂದ ಗರಗಸದಂಥ ಗೊರಕೆ.

"ಅಪ್ಪ! ನಾವು ಪ್ರಾಣ ಕೈಲಿ ಹಿಡ್ಕೊಂಡಿದ್ವಿ! ಫೋನ್ ಎಲ್ಲಿ?"

"ಸೀಟಲ್ಲಿದೆ. ಏನ್ಮಾಡ್ಲಿ ಮಗಳೇ, ಈ ಪುಣ್ಯಾತ್ಮ ಆಗ್ಲಿಂದ ಏಳ್ತಿಲ್ಲ. ಬಸ್ ತುಂಬಾ ಬಿಸಿಲು, ಇಂಜಿನ್ ಬೇರೆ ಓಡ್ತಿದೆ, ಇವನಿಗೆ ಮಾತ್ರ ಮಧ್ಯರಾತ್ರಿ. ದಿನಾ ನಾನು ಇಷ್ಟು ಜನಾನ ಮಲಗಿಸ್ಕೊಂಡು ಬರ್ತೀನಿ, ನಂಗೊಬ್ಬನಿಗೆ..."

ಅಪ್ಪ ಮಾತು ಮುಗಿಸಲಿಲ್ಲ. ಪಟಾಕಿ ಪಕ್ಕದ ಖಾಲಿ ಬರ್ತಿನ ಪರದೆ ಸರಿಸಿ, ಒಳಗೆ ನುಗ್ಗಿ, ಪರದೆ ಎಳೆದುಕೊಂಡುಬಿಟ್ಟಿದ್ದಳು.

"ಏ, ಏನೇ ಅದು?"

"ಅಪ್ಪಾ!" ಒಳಗಿನಿಂದ ಕೂಗು ಬಂತು. "ಅಪ್ಪಾ, ಏನೂ ಕಾಣಲ್ಲ! ನಿಜವಾಗ್ಲೂ ಏನೂ ಕಾಣಲ್ಲ!" ಪರದೆಯ ಸಂದಿಯಿಂದ ಕೆದರಿದ ತಲೆಯೊಂದು ಹೊರಗೆ ಬಂತು. "ನಾವು ಕಿಟಕೀನ ಯಾಕೆ ಮುಚ್ತಿದ್ದೀವಿ? ನಿನ್ನ ಮುಚ್ಬೇಕು!"

ಆ ಗದ್ದಲಕ್ಕೆ ಗೊರಕೆಯ ಪುಣ್ಯಾತ್ಮನೂ ಎದ್ದ.

*

ಆಮೇಲಿನ ಎರಡು ದಿನ ಮನೆ ಸಂತೆಯಾಯಿತು. ಪಟಾಕಿ ಶೋರೂಮಿನ ಟೇಪು ಹಿಡಿದು ಮಂಚದ ಉದ್ದ, ಅಗಲ, ಅಪ್ಪನ ಎತ್ತರ, ಅಪ್ಪ ಮಗ್ಗುಲು ಬದಲಿಸಿದರೆ ಮೊಣಕಾಲು ಎಲ್ಲಿಗೆ ಬರುತ್ತದೆ ಅನ್ನುವುದನ್ನೂ ಅಳೆದಳು.

"ಒಂದೇ ಪದರ ಸಾಲಲ್ಲ ಅಮ್ಮ. ಎರಡು. ಒಂದರ ಹೊಲಿಗೆ ಮೇಲೆ ಇನ್ನೊಂದರ ಹೊಲಿಗೆ ಬರಕೂಡ್ದು. ನಕ್ಷತ್ರ ಬೇಡ."

"ನಂಗೇ ಹೇಳಿಕೊಡ್ತೀಯಾ? ತಲೆ ಕಡೆ ಪರದೆ ಒಂದರ ಮೇಲೊಂದು ಮೊಳದುದ್ದ ಕೂರ್ಬೇಕು. ಇಲ್ದಿದ್ರೆ ಸಂದಿ ಬಿಡುತ್ತೆ."

"ಗಾಳಿ?"

"ಕಾಲ ಬುಡದಲ್ಲಿ ಟೇಬಲ್ ಫ್ಯಾನು. ಪರದೆ ಕೆಳಗೆ ಒಂದು ಗೇಣು ಬಿಡೋಣ. ಬಿಸಿಲು ಅಲ್ಲಿಗೆ ಬಗ್ಗಿ ಬರಲ್ಲ."

"ಅಮ್ಮ, ನೀನು ಶೋರೂಮಿಗೆ ಬಂದ್ಬಿಡು!"

"ಸಂಬಳ ಕೇಳು ಮೊದ್ಲು."

ಚೌಕಟ್ಟಿಗೆ ಕಬ್ಬಿಣದ ಪೈಪು ಬೇಕಿತ್ತು. ಅಜ್ಜಿ ಕಿಟಕಿಯಿಂದಲೇ ಎದುರಿಗೆ ಇನ್ನೂ ಕೆಡವಿದ್ದನ್ನು ಸಾಗಿಸುತ್ತಿದ್ದ ಮೇಸ್ತ್ರಿಯನ್ನು ಕೂಗಿ ಕರೆದಳು. ಇಷ್ಟು ದಿನ ಬೀದಿ ನೋಡಿದ್ದು ದಂಡವಾಗಿರಲಿಲ್ಲ. ಮೇಸ್ತ್ರಿ ಯಾವಾಗ ಊಟ ಮಾಡುತ್ತಾನೆ, ಯಾವ ರಾಶಿಯಲ್ಲಿ ಏನು ಬಿದ್ದಿದೆ, ಎಲ್ಲ ಅವಳಿಗೆ ಗೊತ್ತಿತ್ತು. ಗೋದಾಮಿನ ಅವಶೇಷದಿಂದ ನಾಲ್ಕು ಉದ್ದನೆ ಪೈಪು, ನಾಲ್ಕು ಅಡ್ಡ ಪೈಪು ರಸ್ತೆ ದಾಟಿ ಬಂದವು. ಶೋರೂಮಿನ ಫಿಟ್ಟರು ಅವನ್ನು ಮಂಚಕ್ಕೆ ಬಿಗಿದು ಕೊಟ್ಟು, ಟೀ ಕುಡಿದು ಹೋದ.

ಅಪ್ಪ ಪೈಪನ್ನು ತಟ್ಟಿ ನೋಡಿದ. "ಅಲ್ಲಾ, ನಾನು ಕೇಳಿದ್ದೇ ಆಯ್ತಲ್ಲೇ! ಗೋದಾಮು ವಾಪಸ್ ಬಂತು!"

ಮಾರನೇ ಬೆಳಿಗ್ಗೆ ಮೂವರೂ ಕಾದು ಕೂತಿದ್ದರು. ಅಪ್ಪ ಬಂದ, ತಿಂದ, ಕುಡಿದ. ಪರದೆ ಸರಿಸಿ ಒಳಗೆ ಹೋದ. ಪಟಾಕಿ ಸುತ್ತ ಒಂದು ಸುತ್ತು ಬಂದು ಅಂಚುಗಳನ್ನೆಲ್ಲ ಒತ್ತಿ ಮುಚ್ಚಿದಳು. ಕೋಣೆಯಲ್ಲಿ ಬಿಸಿಲು ಧಾರಾಳವಾಗಿ ಸುರಿಯುತ್ತಿತ್ತು. ಅಜ್ಜಿಯ ಮಂಡಿ ಮೇಲೆ, ಮಷಿನ್ನಿನ ಮೇಲೆ, ನೀಲಿ ಬಟ್ಟೆಯ ಮೇಲೆ.

"ಅಪ್ಪ, ಹೇಗಿದೆ?"

ಮೂವರೂ ಪರದೆಯತ್ತ ಬಾಗಿದರು.

"ಏನೂ ಕಾಣಲ್ಲ ಕಣ್ರೇ!"

ಪಟಾಕಿ ಹಾರಿದ ರಭಸಕ್ಕೆ ಟೇಪು ಕೈಜಾರಿ ಅಜ್ಜಿಯ ಮಡಿಲಿಗೆ ಬಿತ್ತು. ಅಮ್ಮ ಮಷಿನ್ನಿನ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟಳು. ಟಕಟಕ ಟಕಟಕ.

"ರೀ, ಇನ್ನು ದುಡ್ಡು ಉಳೀತಲ್ಲ, ಕರೆಂಟ್ ಮಷಿನ್ ತಗೊಳ್ಲಾ?"

"ಅದು ಸದ್ದು ಮಾಡುತ್ತಾ?" ಅಂತು ಪರದೆ, ಆಕಳಿಸುತ್ತ.

"ಜಾಸ್ತಿ ಮಾಡಲ್ವಂತೆ."

"ಹಂಗಾದ್ರೆ ಅಂಗಡೀಲಿ ಸದ್ದು ಮಾಡೋದು... ಕೇಳು..."

ಮಾತು ಅಲ್ಲಿಗೇ ನಿಂತಿತು. ಗೊರಕೆ ಶುರುವಾಯಿತು. ಅಮ್ಮ ಒಂದು ಅಂಗಿಯ ತೋಳು ಮುಗಿಸಿದಳು, ಇನ್ನೊಂದು ಮುಗಿಸಿದಳು. ಮಧ್ಯಾಹ್ನದ ಊಟವಾಯಿತು. ಅಜ್ಜಿ ಬೀದಿಯ ಸುದ್ದಿಯನ್ನು ಪಿಸುಗುಟ್ಟುವ ಸ್ವರದಲ್ಲಿ ಓದಿಹೇಳುತ್ತಿದ್ದಳು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದ ಪಟಾಕಿ ಹೊರಡಲು ಮನಸ್ಸಿಲ್ಲದೆ ಬಾಗಿಲಲ್ಲೇ ನಿಂತಿದ್ದಳು. ಗೊರಕೆ ಏರಿತು, ಇಳಿಯಿತು, ದಿಣ್ಣೆ ಹತ್ತಿತು, ಬಯಲಿಗೆ ಬಂತು.

ಇದ್ದಕ್ಕಿದ್ದಂತೆ ಮಂಚ ದಡಬಡಿಸಿತು. ಪರದೆಯೊಳಗಿಂದ ಅಪ್ಪನ ಕಿರುಚಾಟ:

"ಅಯ್ಯಯ್ಯೋ! ನಾನು ಬರ್ತ್‌ನಲ್ಲಿ ಮಲಗಿದ್ದೀನಿ! ಗಾಡಿ ಯಾರ್ರೀ ಓಡಿಸ್ತಿರೋದು?"

ಅಮ್ಮ ಪೆಡಲಿನಿಂದ ಕಾಲು ತೆಗೆಯಲಿಲ್ಲ.

"ನಾನೇ. ಸುಮ್ನೆ ಮಲಕ್ಕೊಳ್ಳಿ, ನಿಮ್ಮ ಸ್ಟಾಪ್ ಬಂದಾಗ ಎಬ್ಬಿಸ್ತೀನಿ."